ಕಡಲಾಮೆಗಾಗಿ ಹೊರದೇಶಕ್ಕೆ ಹೋಗುವ ಹಣ: ಅಮೆರಿಕದ 2004ರ ಕಾಯ್ದೆಯ ಅಧ್ಯಯನ ಟಿಪ್ಪಣಿ

ನ್ಯೂಗಿನಿ ದ್ವೀಪದ ಇಂಡೋನೇಷ್ಯಾ ಭಾಗದಲ್ಲಿ ಜಮುರ್ಸ್ಬಾ ಮೇದಿ ಎಂಬ ಮರಳದಂಡೆಯಿದೆ. ಅಲ್ಲಿ ಮೊಟ್ಟೆಯಿಡಲು ಬಂದ ಒಂದು ಲೆದರ್‌ಬ್ಯಾಕ್ ಆಮೆಯ ಬೆನ್ನಿಗೆ ಸಂಶೋಧಕರು ಉಪಗ್ರಹ ಸಾಧನವೊಂದನ್ನು ಕಟ್ಟಿ 647 ದಿನ ಅದರ ಜಾಡು ಹಿಡಿದರು. ಅದು ಶಾಂತಸಾಗರವನ್ನು ದಾಟಿ ಅಮೆರಿಕದ ಓರೆಗಾನ್ ತೀರದವರೆಗೆ ಹೋಗಿದ್ದೂ, ಒಟ್ಟು 20,558 ಕಿಲೋಮೀಟರ್ ಈಜಿದ್ದೂ ದಾಖಲಾಯಿತು. ಅಮೆರಿಕದ ತೆರಿಗೆ ಹಣ ಇಂಡೋನೇಷ್ಯಾದ ಒಂದು ಕಡಲತಡಿಯ ಕಾವಲಿಗೆ ಏಕೆ ಹೋಗಬೇಕು ಎಂಬ ಪ್ರಶ್ನೆಗೆ ಈ ಒಂದು ಜಾಡೇ ಉತ್ತರ. ಓರೆಗಾನ್ ಮತ್ತು ಕ್ಯಾಲಿಫೋರ್ನಿಯಾದ ನೀರಿನಲ್ಲಿ ಲೋಳೆಮೀನು ತಿಂದು ಕೊಬ್ಬುವ ಆಮೆ ಹುಟ್ಟುವುದು ಅಲ್ಲಲ್ಲ. ಅದು ಹುಟ್ಟುವ ಮರಳಿನಲ್ಲಿ ನಾಯಿ, ಹಂದಿ ಮತ್ತು ಮನುಷ್ಯರು ಮೊಟ್ಟೆಗಳನ್ನು ತೆಗೆದುಬಿಟ್ಟರೆ, ಇತ್ತ ಕಡಲಿನಲ್ಲಿ ಎಷ್ಟು ಬಿಗಿಯಾದ ಕಾನೂನು ಮಾಡಿದರೂ ಆಮೆ ಉಳಿಯುವುದಿಲ್ಲ.

ಈ ವಿಚಾರವನ್ನು ಹಣದ ರೂಪಕ್ಕೆ ತಂದ ಕಾಯ್ದೆಯೇ 2004ರ ಕಡಲಾಮೆ ಸಂರಕ್ಷಣಾ ಕಾಯ್ದೆ. ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರು ಇದಕ್ಕೆ 2004ರ ಜುಲೈ 2ರಂದು ಸಹಿ ಹಾಕಿದರು. ಪರಿಸರ ನೀತಿಯನ್ನು ಅಭ್ಯಾಸ ಮಾಡುವವರಿಗೂ ಮುಂದೆ ಕ್ಷೇತ್ರದಲ್ಲಿ ಅರ್ಜಿ ಬರೆಯಬೇಕಾದವರಿಗೂ ಇದನ್ನು ಓದಿಕೊಂಡರೆ ಬೇರೆ ಹತ್ತು ಅನುದಾನ ಯೋಜನೆಗಳು ಸುಲಭವಾಗಿ ಅರ್ಥವಾಗುತ್ತವೆ ಎಂಬುದು ನನ್ನ ಅನುಭವ.

ಕಾಯ್ದೆಯ ಹಿನ್ನೆಲೆ

ಇದು ಒಂಟಿಯಾಗಿ ಹುಟ್ಟಿದ ಕಾಯ್ದೆಯಲ್ಲ. ಆಫ್ರಿಕಾದ ಆನೆಗಾಗಿ 1988ರಲ್ಲಿ, ಖಡ್ಗಮೃಗ ಮತ್ತು ಹುಲಿಗಾಗಿ 1994ರಲ್ಲಿ, ಏಷ್ಯಾದ ಆನೆಗಾಗಿ 1997ರಲ್ಲಿ, ದೊಡ್ಡ ವಾನರಗಳಿಗಾಗಿ 2000ದಲ್ಲಿ ಇದೇ ಬಗೆಯ ಕಾಯ್ದೆಗಳು ಬಂದಿದ್ದವು. ಕಡಲಾಮೆ ಆ ಸಾಲಿನಲ್ಲಿ ಐದನೆಯದು. ಐದಕ್ಕೂ ಸೇರಿ ಬಹುರಾಷ್ಟ್ರೀಯ ಪ್ರಭೇದ ಸಂರಕ್ಷಣಾ ನಿಧಿ ಎಂಬ ಒಂದೇ ಲೆಕ್ಕಶೀರ್ಷಿಕೆ ಇದೆ. ಕಾಯ್ದೆಯ ಪ್ರಕಾರ ಹೊಣೆ ಒಳಾಡಳಿತ ಸಚಿವರದ್ದಾದರೂ, ದಿನನಿತ್ಯದ ಕೆಲಸವನ್ನು ನೋಡಿಕೊಳ್ಳುವುದು ಅವರ ಕೈಕೆಳಗಿನ ಮೀನು ಮತ್ತು ವನ್ಯಜೀವಿ ಸೇವೆ. ಅಮೆರಿಕದ ಒಳಾಡಳಿತ ಇಲಾಖೆ ಎಂದರೆ ನಮ್ಮ ಗೃಹ ಇಲಾಖೆಯಂತೆ ಪೊಲೀಸರದ್ದಲ್ಲ, ಸರ್ಕಾರಿ ಭೂಮಿ ಮತ್ತು ವನ್ಯಜೀವಿಗಳದ್ದು. ಮೊದಲ ಓದಿನಲ್ಲಿ ಹಲವರು ಇಲ್ಲಿ ಎಡವುತ್ತಾರೆ.

ಪ್ರಪಂಚದಲ್ಲಿ ಗುರುತಿಸಲಾದ ಕಡಲಾಮೆಗಳು ಏಳು ಬಗೆ. ಅವುಗಳಲ್ಲಿ ಹಸಿರು ಆಮೆ, ಲಾಗರ್‌ಹೆಡ್, ಹಾಕ್ಸ್‌ಬಿಲ್, ಆಲಿವ್ ರಿಡ್ಲೆ, ಕೆಂಪ್ಸ್ ರಿಡ್ಲೆ ಮತ್ತು ಲೆದರ್‌ಬ್ಯಾಕ್ ಎಂಬ ಆರು ಅಮೆರಿಕದ ಅಳಿವಿನಂಚಿನ ಪ್ರಭೇದಗಳ ಕಾಯ್ದೆಯ ಪಟ್ಟಿಯಲ್ಲಿವೆ. ಏಳನೆಯದಾದ ಆಸ್ಟ್ರೇಲಿಯಾ ಕಡೆಯ ಫ್ಲಾಟ್‌ಬ್ಯಾಕ್ ಆ ಪಟ್ಟಿಯಲ್ಲಿಲ್ಲ. ಆದರೆ ಏಳೂ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿರುವುದರಿಂದ ಅವುಗಳ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರಕ್ಕೆ ಅವಕಾಶವಿಲ್ಲ.

ಕಾಯ್ದೆಯ ಮಾತುಗಳಲ್ಲಿ ಗಮನಿಸಬೇಕಾದದ್ದು, ಅದು ಮತ್ತೆ ಮತ್ತೆ ಮೊಟ್ಟೆಯಿಡುವ ನೆಲೆಯ ಬಗ್ಗೆಯೇ ಮಾತನಾಡುತ್ತದೆ ಎಂಬುದು. ಗೂಡುಕಟ್ಟುವ ದಂಡೆಯ ರಕ್ಷಣೆ, ಅಲ್ಲಿನ ಎಣಿಕೆ ಮತ್ತು ಸಂಶೋಧನೆ, ಕಳ್ಳಬೇಟೆ ತಡೆಯಲು ಸ್ಥಳೀಯ ಅಧಿಕಾರಿಗಳಿಗೆ ತರಬೇತಿ, ಮನುಷ್ಯರಿಗೂ ಆಮೆಗೂ ದಂಡೆಯ ವಿಚಾರದಲ್ಲಿ ಬರುವ ತಕರಾರುಗಳ ಪರಿಹಾರ, ಊರಿನವರೇ ಈ ಕೆಲಸವನ್ನು ನಡೆಸುವಂತೆ ಅವರ ಕೈ ಬಲಪಡಿಸುವುದು ಇವೆಲ್ಲ ಸಂರಕ್ಷಣೆ ಎಂಬ ಪದದ ವ್ಯಾಖ್ಯೆಯೊಳಗೆ ಬರುತ್ತವೆ. ನೀರಿನೊಳಗಿನ ಕೆಲಸಕ್ಕೆ ಇಷ್ಟು ಒತ್ತು ಇಲ್ಲದಿರಲು ಆಡಳಿತಾತ್ಮಕ ಕಾರಣವೊಂದಿದೆ. 1977ರಿಂದ ಅಮೆರಿಕದಲ್ಲಿ ಆಮೆಯ ಹೊಣೆ ಎರಡು ಪಾಲಾಗಿದೆ: ಆಮೆ ನೆಲದ ಮೇಲಿರುವಾಗ ಮೀನು ಮತ್ತು ವನ್ಯಜೀವಿ ಸೇವೆಯದ್ದು, ನೀರಿನಲ್ಲಿರುವಾಗ ವಾಣಿಜ್ಯ ಇಲಾಖೆಯ ಕೆಳಗಿರುವ ಕಡಲ ಮೀನುಗಾರಿಕಾ ಸೇವೆಯದ್ದು. ಮೊಟ್ಟೆಯಿಟ್ಟು ಅಲೆಗೆ ಇಳಿದ ಆಮೆ ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ ದಾಟಿಹೋಗುತ್ತದೆ. ಅನುದಾನಕ್ಕೆ ಅರ್ಜಿ ಹಾಕುವವರು ತಮ್ಮ ಯೋಜನೆಯ ತೂಕ ಯಾವ ಕಡೆಗಿದೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕಾದದ್ದು ಈ ಕಾರಣಕ್ಕೆ.

2019ರಲ್ಲಿ ಜಾನ್ ಡಿಂಗೆಲ್ ಹೆಸರಿನ ದೊಡ್ಡ ಸಂರಕ್ಷಣಾ ಕಾಯ್ದೆಯ ಮೂಲಕ ಇದನ್ನು ಮುಂದುವರಿಸಿದಾಗ ವ್ಯಾಪ್ತಿ ಹಿಗ್ಗಿತು. ಸಿಹಿನೀರಿನ ಆಮೆಗಳೂ ನೆಲದಾಮೆಗಳೂ ಸೇರಿದವು, ಜೊತೆಗೆ ಅಮೆರಿಕದ್ದೇ ಆದ ದ್ವೀಪ ಪ್ರದೇಶಗಳಿಗೂ ಅವಕಾಶ ಸಿಕ್ಕಿತು.

ಮಿತಿ ಒಂದು, ಮಂಜೂರಾತಿ ಇನ್ನೊಂದು

ಪರೀಕ್ಷೆಯಲ್ಲಿ ಹೆಚ್ಚಾಗಿ ತಪ್ಪಾಗುವ ಭಾಗ ಇದು. ಕಾಯ್ದೆ ವರ್ಷಕ್ಕೆ 50 ಲಕ್ಷ ಡಾಲರ್ ಎಂದು ಬರೆದಿದೆ. ಆದ್ದರಿಂದ ವರ್ಷಕ್ಕೆ 50 ಲಕ್ಷ ಡಾಲರ್ ಹಂಚಲಾಗುತ್ತದೆ ಎಂದು ಬರೆದರೆ ಉತ್ತರ ತಪ್ಪು. ಅಮೆರಿಕದ ಸಂಸತ್ತಿನಲ್ಲಿ ಹಣದ ವಿಚಾರ ಎರಡು ಹಂತದಲ್ಲಿ ನಡೆಯುತ್ತದೆ. ಮೂಲ ಕಾಯ್ದೆ ಹಾಕಿಕೊಡುವುದು ಮೇಲ್ಮಿತಿಯನ್ನು ಮಾತ್ರ. ನಿಜವಾಗಿ ಖಜಾನೆಯಿಂದ ಎಷ್ಟು ಹೊರಬರಬೇಕು ಎಂಬುದನ್ನು ಪ್ರತಿ ವರ್ಷದ ಧನವಿನಿಯೋಗ ಕಾಯ್ದೆ ತೀರ್ಮಾನಿಸುತ್ತದೆ, ಮತ್ತು ಕಡಲಾಮೆಯ ಪಾಲಿಗೆ ಬಂದ ಮೊತ್ತ ಬಹಳಷ್ಟು ವರ್ಷಗಳಲ್ಲಿ ಆ ಮಿತಿಯ ಅರ್ಧವನ್ನೂ ಮುಟ್ಟಿಲ್ಲ. ಐದು ನಿಧಿಗಳಿಗೂ ಒಂದಿಷ್ಟು ಪೂರಕ ಹಣ ಬರಲಿ ಎಂದು 2011ರಲ್ಲಿ ಹುಲಿಮರಿಯ ಚಿತ್ರವಿರುವ ಅಂಚೆಚೀಟಿಯನ್ನು ತಂದರು. ಅದನ್ನು ಕೊಳ್ಳುವವರು ಅಂಚೆ ದರಕ್ಕಿಂತ ತುಸು ಹೆಚ್ಚು ಕೊಡುತ್ತಾರೆ, ಆ ಹೆಚ್ಚುವರಿ ಹಣ ನಿಧಿಗೆ ಸೇರುತ್ತದೆ.

ಈ ನಿಧಿ ಸಣ್ಣದು ಎಂಬುದನ್ನು ನಾನು ದೋಷವೆಂದು ನೋಡುವುದಿಲ್ಲ. ದಂಡೆ ಕಾಯುವ ಕೆಲಸಕ್ಕೆ ಒಮ್ಮೆಲೇ ಸುರಿಯುವ ದೊಡ್ಡ ಮೊತ್ತಕ್ಕಿಂತ, ಬಿಡದೆ ವರ್ಷವರ್ಷ ಬರುವ ಚಿಕ್ಕ ಮೊತ್ತವೇ ಬೇಕು. ಮೆಕ್ಸಿಕೋದ ತಮೌಲಿಪಾಸ್ ರಾಜ್ಯದ ರಾಂಚೊ ನುಯೆವೊ ದಂಡೆ ಇದಕ್ಕೆ ಸಾಕ್ಷಿ. 1947ರಲ್ಲಿ ತೆಗೆದ ಚಲನಚಿತ್ರದ ತುಣುಕೊಂದರಿಂದ ಒಂದೇ ದಿನ ಅಲ್ಲಿ ಸುಮಾರು 40,000 ಕೆಂಪ್ಸ್ ರಿಡ್ಲೆ ಆಮೆಗಳು ಮೇಲೆ ಬಂದಿದ್ದವೆಂದು ಅಂದಾಜಿಸಲಾಗಿದೆ. 1985ರಲ್ಲಿ ಇಡೀ ವರ್ಷಕ್ಕೆ ಸಿಕ್ಕ ಗೂಡುಗಳು 702. ಮೆಕ್ಸಿಕೋ ಸರ್ಕಾರ 1966ರಿಂದಲೇ ಆ ದಂಡೆಗೆ ಕಾವಲು ಹಾಕಿತ್ತು, 1978ರಿಂದ ಅಮೆರಿಕವೂ ಕೈಜೋಡಿಸಿತು. ಆದರೂ ಗೂಡುಗಳ ಸಂಖ್ಯೆ ಮತ್ತೆ 20,000 ದಾಟಿದ್ದು 2009ರಲ್ಲಿ. ಕಾವಲು ಶುರುವಾದ ಮೇಲೂ ಇಪ್ಪತ್ತು ವರ್ಷ ಇಳಿಮುಖವೇ ಕಂಡಿತೆಂದು ಯಾರಾದರೂ ಹಣ ನಿಲ್ಲಿಸಿದ್ದರೆ ಆ ಪ್ರಭೇದ ಇಂದು ಇರುತ್ತಿರಲಿಲ್ಲ. ಮರಿ ಬೆಳೆದು ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಹತ್ತು ವರ್ಷಕ್ಕೂ ಮೀರಿ ಕಾಲ ಹಿಡಿಯುವ ಜೀವಿಯ ವಿಷಯದಲ್ಲಿ ಎರಡು ವರ್ಷದ ಯೋಜನೆಯೊಂದು ಸಂತತಿ ಏರಿತು ಎಂದು ತೋರಿಸಲಾರದು. ಹಾಗೆ ತೋರಿಸುತ್ತೇನೆ ಎಂದು ಅರ್ಜಿಯಲ್ಲಿ ಮಾತು ಕೊಡಲೂ ಬಾರದು.

ಅರ್ಜಿಯ ಹೂರಣ

ಅರ್ಜಿ ಹಾಕಲು ಅರ್ಹರಾದವರು ಎರಡು ಬಗೆ: ಆಮೆಯ ನೆಲೆಯಿರುವ ದೇಶದ ವನ್ಯಜೀವಿ ಇಲಾಖೆ, ಇಲ್ಲವೆ ಈ ಕೆಲಸದಲ್ಲಿ ಪರಿಣತಿ ಇದೆಯೆಂದು ತೋರಿಸಬಲ್ಲ ಯಾವುದೇ ವ್ಯಕ್ತಿ ಅಥವಾ ಸಂಸ್ಥೆ. ಪ್ರಸ್ತಾವದಲ್ಲಿ ಉದ್ದೇಶ, ವಿಧಾನ, ನಡೆಸುವವರ ಅರ್ಹತೆ, ಬೇಕಾಗುವ ಹಣ ಮತ್ತು ಕಾಲ ಇವುಗಳ ಜೊತೆ ಎರಡು ಸಂಗತಿಗಳನ್ನು ಕಾಯ್ದೆ ವಿಶೇಷವಾಗಿ ಕೇಳುತ್ತದೆ. ಮೊದಲನೆಯದು, ಕೆಲಸ ನಡೆಯುವ ದೇಶದ ಸಂಬಂಧಪಟ್ಟ ಸರ್ಕಾರಿ ಅಂಗ ಇದನ್ನು ಬೆಂಬಲಿಸುತ್ತದೆ ಎಂಬುದಕ್ಕೆ ಪುರಾವೆ. ಎರಡನೆಯದು, ಬೇರೆ ಕಡೆಯಿಂದ ಬರುವ ವಂತಿಗೆಯ ವಿವರ. ವಂತಿಗೆ ಕಡ್ಡಾಯವಲ್ಲ, ಆದರೆ ಇದ್ದವರಿಗೆ ಆದ್ಯತೆ. ದೀರ್ಘಕಾಲ ನಿಲ್ಲುವಂತೆ ರೂಪಿಸಿದ ಯೋಜನೆಗಳಿಗೂ ಆದ್ಯತೆ.

ಬೆಂಬಲ ಪತ್ರವನ್ನು ಹಲವರು ಕೊನೆಯ ವಾರದ ಕೆಲಸವೆಂದು ಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಅರ್ಜಿಯ ಬೆನ್ನೆಲುಬು ಅದೇ. ಹೊರದೇಶದ ಹಣ ಒಂದು ದಂಡೆಗೆ ಬರುವಾಗ ಅಲ್ಲಿನ ಸರ್ಕಾರದ ಒಪ್ಪಿಗೆಯಿಲ್ಲದಿದ್ದರೆ ಕಾವಲಿಗೆ ನಿಂತವನಿಗೆ ಕಳ್ಳನನ್ನು ತಡೆಯುವ ಅಧಿಕಾರವೂ ಇರುವುದಿಲ್ಲ, ಮೊಟ್ಟೆಯನ್ನು ಮುಟ್ಟುವ ಅನುಮತಿಯೂ ಇರುವುದಿಲ್ಲ. ಭಾರತದಲ್ಲಂತೂ ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗೂಡು ಸ್ಥಳಾಂತರಿಸುವುದು ಸಾಧ್ಯವಿಲ್ಲ.

ಹಣ ಕೊನೆಗೆ ಯಾವ ಕೆಲಸಕ್ಕೆ ಹೋಗುತ್ತದೆ ಎಂಬುದನ್ನು ನಮ್ಮದೇ ಕರಾವಳಿಯ ದೃಶ್ಯವೊಂದರಿಂದ ನೋಡೋಣ. ಹೊನ್ನಾವರದ ಕಾಸರಕೋಡಿನಂಥ ದಂಡೆಯಲ್ಲಿ ಆಲಿವ್ ರಿಡ್ಲೆ ಮೇಲೆ ಬಂದ ರಾತ್ರಿ, ನಸುಕಿಗೆ ಮೊದಲೇ ದಂಡೆ ನಡೆಯುವವನ ಕಣ್ಣಿಗೆ ಬೀಳುವುದು ಅಲೆಯಿಂದ ಮೇಲಕ್ಕೆ ಹೋಗಿ ಮತ್ತೆ ಇಳಿದ, ಸಣ್ಣ ಟ್ರ್ಯಾಕ್ಟರ್ ಓಡಿದಂತಿರುವ ಗುರುತು. ಗುರುತು ತಿರುಗಿದ ಜಾಗದಲ್ಲಿ ಕಡ್ಡಿಯಿಂದ ಮೆಲ್ಲಗೆ ಒತ್ತಿ ನೋಡಿ, ಮರಳು ಸಡಿಲವಿದ್ದಲ್ಲಿ ಕೈಯಿಂದಲೇ ಅಗೆದರೆ ಮೊಣಕೈ ಮುಳುಗುವ ಆಳದಲ್ಲಿ ಪಿಂಗ್‌ಪಾಂಗ್ ಚೆಂಡಿನಂಥ ನೂರಕ್ಕೂ ಹೆಚ್ಚು ಮೊಟ್ಟೆಗಳು ಸಿಗುತ್ತವೆ. ಗೂಡು ಉಬ್ಬರದ ಗೆರೆಯ ಮೇಲಿದ್ದರೆ ಅಲ್ಲೇ ಬಿದಿರ ಗೂಟ ನೆಟ್ಟು ಹಳೆ ಬಲೆಯಿಂದ ಸುತ್ತಿ ದಿನಾಂಕದ ಫಲಕ ಹಾಕಬಹುದು. ನೀರು ಬರುವ ಜಾಗವಾದರೆ ಮೊಟ್ಟೆಗಳನ್ನು ಹೊರಳಿಸದೆ ಎತ್ತಿ, ಅಷ್ಟೇ ಆಳದ ಹೊಸ ಕುಳಿಗೆ ಕೆಲವೇ ಗಂಟೆಗಳಲ್ಲಿ ಇಳಿಸಬೇಕು. ಸುಮಾರು 45ರಿಂದ 60 ದಿನ ಕಾವು. ಮರಳಿನ ಉಷ್ಣಾಂಶ ಸುಮಾರು 29 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರಿದರೆ ಹೆಣ್ಣು ಮರಿಗಳು, ಕೆಳಗಿಳಿದರೆ ಗಂಡು ಮರಿಗಳು ಹೆಚ್ಚು. ಆದ್ದರಿಂದ ನೆರಳು ಬಲೆಯೂ ತಾಪಮಾಪಕವೂ ಬೇಕು.

ಈ ಇಡೀ ಕೆಲಸದಲ್ಲಿ ದುಬಾರಿ ಯಂತ್ರವೊಂದೂ ಇಲ್ಲ. ಇರುವುದು ಟಾರ್ಚು, ಬಲೆ, ಬಿದಿರು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಪ್ರತಿ ರಾತ್ರಿ ಎದ್ದು ನಡೆಯುವ ಮನುಷ್ಯನ ಕೂಲಿ. ಆ ಮನುಷ್ಯ ಹಿಂದೆ ಮೊಟ್ಟೆ ತೆಗೆದು ಮಾರುತ್ತಿದ್ದವನೇ ಆಗಿದ್ದರೆ ಇನ್ನೂ ಒಳ್ಳೆಯದು. ಗೂಡು ಎಲ್ಲಿರುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ಬಜೆಟ್ ಬರೆಯುವಾಗ ಕೂಲಿಯ ಸಾಲನ್ನು ಕಡಿಮೆ ಮಾಡಿ ಕಾರ್ಯಾಗಾರ, ಪ್ರಯಾಣ, ಮುದ್ರಣಗಳ ಸಾಲನ್ನು ಉಬ್ಬಿಸುವ ಪ್ರಸ್ತಾವಗಳನ್ನು ಓದಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಫಲಿತಾಂಶದ ಅಳತೆಯಲ್ಲೂ ಎಚ್ಚರ ಬೇಕು. ಒಂದು ಆಮೆ ಒಂದೇ ಹಂಗಾಮಿನಲ್ಲಿ ಹಲವು ಬಾರಿ ಮೊಟ್ಟೆಯಿಡುತ್ತದೆ. ಲೆದರ್‌ಬ್ಯಾಕ್ ಒಂದು ಹಂಗಾಮಿಗೆ ಆರು ಗೂಡು ಮಾಡುತ್ತದೆಂದು ಹಿಡಿದರೆ, 600 ಗೂಡು ಎಂದರೆ ಸುಮಾರು 100 ಹೆಣ್ಣಾಮೆಗಳಷ್ಟೇ. ಅವೂ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ಮಾತ್ರ ಬರುವುದರಿಂದ ಈ ವರ್ಷ ಬಂದವು ಮುಂದಿನ ವರ್ಷ ಬರಲಿಕ್ಕಿಲ್ಲ. ಗೂಡನ್ನೂ ಆಮೆಯನ್ನೂ ಬೆರೆಸಿ ಬರೆದ ವರದಿಯಿಂದ ಏನೂ ತಿಳಿಯುವುದಿಲ್ಲ. ಕಡಲಿಗೆ ಬಿಟ್ಟ ಮರಿಗಳ ಸಂಖ್ಯೆಯನ್ನೇ ದೊಡ್ಡದಾಗಿ ತೋರಿಸುವ ರೂಢಿಯೂ ಸರಿಯಲ್ಲ. ದಂಡೆಯ ಒಟ್ಟು ಗೂಡುಗಳಲ್ಲಿ ಎಷ್ಟು ಪಾಲು ಉಳಿಯಿತು, ಎಷ್ಟು ತಾಯಾಮೆಗಳು ಸತ್ತವು ಎಂಬ ಎರಡು ಅಂಕಿಗಳು ಅದಕ್ಕಿಂತ ಹೆಚ್ಚು ಹೇಳುತ್ತವೆ.

ಪರೋಕ್ಷ ವೆಚ್ಚದ ಲೆಕ್ಕ

ಕಚೇರಿಯ ಬಾಡಿಗೆ, ಲೆಕ್ಕಿಗರ ಸಂಬಳದಂಥ ಒಂದೇ ಯೋಜನೆಗೆ ಅಂಟಿಸಲಾಗದ ಖರ್ಚುಗಳೇ ಪರೋಕ್ಷ ವೆಚ್ಚ. ಅಮೆರಿಕ ಸರ್ಕಾರದೊಡನೆ ಮಾತುಕತೆಯಾಡಿ ದರ ನಿಗದಿ ಮಾಡಿಕೊಳ್ಳದ ಸಂಸ್ಥೆಗಳು 2024ರ ಅಕ್ಟೋಬರ್ 1ರಿಂದ ಶೇ. 15ರವರೆಗೆ ಕೇಳಬಹುದು, ಅದಕ್ಕೆ ಮೊದಲು ಇದು ಶೇ. 10 ಇತ್ತು. ಈ ದರವನ್ನು ಇಡೀ ಬಜೆಟ್‌ಗೆ ಹಾಕುವಂತಿಲ್ಲ. ಉದಾಹರಣೆಗೆ, ನೇರ ವೆಚ್ಚ 60,000 ಡಾಲರ್, ಅದರಲ್ಲಿ 12,000 ಡಾಲರಿನ ಒಂದು ದೋಣಿ ಇದೆ ಎಂದಿಟ್ಟುಕೊಳ್ಳಿ. 10,000 ಡಾಲರ್ ಅಥವಾ ಅದಕ್ಕೂ ಮೀರಿದ ಬೆಲೆಯ, ವರ್ಷಕ್ಕಿಂತ ಹೆಚ್ಚು ಬಾಳುವ ವಸ್ತು ಸಲಕರಣೆಯೆನಿಸುವುದರಿಂದ ಅದನ್ನು ಕಳೆಯಬೇಕು. ಉಳಿದ 48,000ಕ್ಕೆ ಶೇ. 15 ಎಂದರೆ 7,200. ಒಟ್ಟು ಕೋರಿಕೆ 67,200 ಡಾಲರ್.

ತಡೆ ಮತ್ತು ನೆರವು, ಹಾಗೂ ಭಾರತದ ಬಾಗಿಲು

ಅನುದಾನಕ್ಕಿಂತ ಮೊದಲು ಅಮೆರಿಕ ಹಿಡಿದ ದಾರಿ ನಿರ್ಬಂಧದ್ದು. ಸೀಗಡಿ ಬಲೆಯಿಂದ ಆಮೆ ಹೊರಹೋಗಲು ಕಿಂಡಿಯಿರುವ ಟೆಡ್ ಎಂಬ ಸಾಧನವನ್ನು ಬಳಸದ ದೇಶಗಳ ಕಡಲ ಸೀಗಡಿಗೆ 1989ರ ಕಾನೂನು ತಡೆಯೊಡ್ಡಿತು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ದೂರು ಕೊಟ್ಟವು. 1998ರ ಮೇಲ್ಮನವಿ ತೀರ್ಪು ಆಮೆಯನ್ನು ಉಳಿಸುವ ಉದ್ದೇಶವನ್ನು ಒಪ್ಪಿತು, ಆದರೆ ಕೆರಿಬಿಯನ್ ದೇಶಗಳಿಗೆ ಹೆಚ್ಚು ಕಾಲಾವಕಾಶವನ್ನೂ ತಾಂತ್ರಿಕ ನೆರವನ್ನೂ ಕೊಟ್ಟು ಏಷ್ಯಾದವರಿಗೆ ಕೊಡದಿದ್ದದ್ದು ತಾರತಮ್ಯ ಎಂದಿತು. ತಡೆಯ ಜೊತೆ ನೆರವೂ ಇರಬೇಕೆಂಬ ಮಾತಿಗೆ ಕಾನೂನಿನ ತೂಕ ಬಂದದ್ದು ಅಲ್ಲಿ. ಟೆಡ್‌ನ ವಿಚಾರ ಮಲ್ಪೆ, ಮಂಗಳೂರಿನ ಟ್ರಾಲ್ ಬೋಟಿನವರಿಗೂ ಹೊಸದಲ್ಲ.

ಭಾರತದ ಸಂಸ್ಥೆಯೊಂದು ಈ ಅನುದಾನವನ್ನು ಬಯಸಿದರೆ ಹಣ ಕೊಡುವುದು ಹೊರದೇಶದ ಸರ್ಕಾರವಾದ್ದರಿಂದ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ. 20 ಮೀರಬಾರದು, ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಕೊನೆಯ ನಿಯಮದಿಂದ ಪೆಟ್ಟು ಬಿದ್ದದ್ದು ದಂಡೆಯ ಸಣ್ಣ ಗುಂಪುಗಳಿಗೆ. ನಗರದ ನೋಂದಾಯಿತ ಸಂಸ್ಥೆ ಹಣ ಪಡೆದು ಊರಿನ ಯುವಕ ಸಂಘಕ್ಕೆ ಪಾಲು ಕೊಡುವ ಹಳೆಯ ವ್ಯವಸ್ಥೆ ಈಗ ನಡೆಯುವುದಿಲ್ಲ, ಕಾವಲುಗಾರರನ್ನು ನೇರವಾಗಿ ತಾನೇ ನೇಮಿಸಿಕೊಳ್ಳಬೇಕಾಗುತ್ತದೆ. ಅತ್ತ ಅಮೆರಿಕದ ಸರ್ಕಾರಿ ಜಾಲತಾಣದಲ್ಲೂ ಸಂಸ್ಥೆ ನೋಂದಾಯಿಸಿ ಗುರುತಿನ ಸಂಖ್ಯೆ ಪಡೆಯಬೇಕು. ಹೆಸರು, ವಿಳಾಸಗಳು ಎಲ್ಲ ದಾಖಲೆಗಳಲ್ಲೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ನನಗೆ ಪರಿಚಯವಿರುವ ಒಂದು ಸಣ್ಣ ಸಂಸ್ಥೆಯ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿದ್ದ ಕಾರಣಕ್ಕೆ ವಾರಗಟ್ಟಲೆ ಕಾಲ ಹೋಯಿತು.

ಕಾಲದ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಅಮೆರಿಕದ ಆರ್ಥಿಕ ವರ್ಷ ಅಕ್ಟೋಬರ್ 1ಕ್ಕೆ ಶುರುವಾದರೂ ಧನವಿನಿಯೋಗ ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗುತ್ತದೆ. ಪ್ರಸ್ತಾವದ ಮೇಲೆ ತೀರ್ಮಾನ ಹೇಳಲು ಕಾಯ್ದೆ 180 ದಿನಗಳ ಅವಕಾಶ ಕೊಟ್ಟಿದೆ. ನಮ್ಮ ಕರಾವಳಿಯಲ್ಲಿ ಆಲಿವ್ ರಿಡ್ಲೆ ಮೊಟ್ಟೆಯಿಡುವುದು ಹೆಚ್ಚಾಗಿ ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ. ಆದ್ದರಿಂದ ಬೇಸಿಗೆಯಲ್ಲಿ ಕಳಿಸಿದ ಅರ್ಜಿಗೆ ಉತ್ತರ ಬರುವ ಹೊತ್ತಿಗೆ ಮುಂದಿನ ಹಂಗಾಮು ಆಗಲೇ ತೊಡಗಿರುತ್ತದೆ, ಮತ್ತು ಆ ಹಂಗಾಮಿನ ಮೊದಲ ಗೂಡುಗಳಿಗೆ ಬೇಕಾದ ಕೂಲಿ, ಬಲೆ, ಟಾರ್ಚಿನ ಹಣವನ್ನು ವಂತಿಗೆಯಿಂದಲೇ ಹೊಂದಿಸಿಟ್ಟುಕೊಂಡಿರಬೇಕು.