ಜಗಲಿ ಮೇಲೆ ನಿಂತವರು

ಹೊಸನಗರದ ಕಡೆ ಒಂದು ಸರ್ಕಾರಿ ಶಾಲೆ. ಆಷಾಢದ ಮಳೆಗೆ ಅಂಗಳ ಕೆಸರು, ಮಕ್ಕಳೆಲ್ಲ ಜಗಲಿ ಮೇಲೆ. ಮೂರನೇ ಕ್ಲಾಸಿನ ಒಬ್ಬ ಹುಡುಗನಿಗೆ ಸ್ವಲ್ಪ ತೊದಲು. ಇನ್ನೊಬ್ಬ ಅವನನ್ನು 'ಮ-ಮ-ಮಳೆ' ಅಂತ ಅಣಕಿಸುತ್ತಿದ್ದ. ಆದರೆ ಅಣಕಿಸಿದ ಮೇಲೆ ಅವನ ಕಣ್ಣು ತೊದಲುವವನ ಕಡೆ ಹೋಗಲೇ ಇಲ್ಲ. ಸುತ್ತ ನಿಂತವರ ಮುಖ ನೋಡಿತು. ನಕ್ಕರಾ?

'ಮಕ್ಕಳಾಟ, ಬಿಡಿ', 'ನೀನೂ ತಿರುಗಿಸಿ ಹೊಡಿ' ಅನ್ನುವ ದೊಡ್ಡವರು ಈ ಕಣ್ಣನ್ನು ನೋಡಿರುವುದಿಲ್ಲ. ಕೆನಡಾದ ಟೊರೊಂಟೊದಲ್ಲಿ ಸಂಶೋಧಕರಾದ ಡೆಬ್ರಾ ಪೆಪ್ಲರ್, ವೆಂಡಿ ಕ್ರೇಗ್ ತಂಡದವರು ಶಾಲೆಯ ಮೈದಾನಕ್ಕೆ ಕ್ಯಾಮೆರಾ ತಿರುಗಿಸಿ, ಮಕ್ಕಳಿಗೆ ಮೈಕ್ ಸಿಕ್ಕಿಸಿ ನೋಡಿದರು. 2001ರಲ್ಲಿ ಬಂದ ಲೆಕ್ಕ ಇದು: ಕಾಟ ಕೊಟ್ಟ ಪ್ರಸಂಗಗಳಲ್ಲಿ 88% ಸಲ ಬೇರೆ ಮಕ್ಕಳು ಅಲ್ಲೇ ಇದ್ದರು. ಯಾರಾದರೂ ನಡುವೆ ಬಂದದ್ದು 19% ಸಲ ಮಾತ್ರ. ಬಂದಾಗ, ಅರ್ಧಕ್ಕಿಂತ ಜಾಸ್ತಿ ಸಲ 10 ಸೆಕೆಂಡಿನೊಳಗೆ ಕಾಟ ನಿಂತಿತು. ಹತ್ತೇ ಸೆಕೆಂಡು!

ಬಚ್ಚಲೊಲೆಯನ್ನೇ ನೋಡಿ. ಉರಿ ಜೋರಾದರೆ ಊದಿ ಆರಿಸುತ್ತೇವಾ? ಸುಮ್ನೆ ಕಟ್ಟಿಗೆ ಹಿಂದಕ್ಕೆ ಎಳೆಯುತ್ತೇವೆ. ಈ ಕಾಟಕ್ಕೆ ಕಟ್ಟಿಗೆ ಅಂದರೆ ನೋಡುವವರ ನಗು. ಯಕ್ಷಗಾನದಲ್ಲೂ ಅಷ್ಟೇ. ಜನ ಎದ್ದು ಮನೆಗೆ ಹೊರಟರೆ ಬಣ್ಣದ ವೇಷ ಪರದೆ ಹಿಂದೆ ಯಾರಿಗಾಗಿ ಅಬ್ಬರಿಸಬೇಕು?

ಇಲ್ಲೊಂದು ತಮಾಷೆಯ ಇತಿಹಾಸವಿದೆ. ಈ ಕಾಟಕ್ಕೆ ಸ್ವೀಡನ್ನಿನ ವೈದ್ಯ ಹೈನೆಮಾನ್ 1969ರ ಹೊತ್ತಿಗೆ 'ಮೊಬ್ನಿಂಗ್' ಅಂದರು. ಅದು ಹಕ್ಕಿಗಳ ನಡವಳಿಕೆಯ ಅಧ್ಯಯನದಿಂದ ಎರವಲು ತಂದ ಪದ. ಹಗಲಲ್ಲಿ ಗೂಬೆ ಕಂಡರೆ ಕಾಗೆಗಳು ಮುತ್ತಿಕೊಳ್ಳುತ್ತವಲ್ಲ, ಅದೇ. ಆದರೆ ಅಲ್ಲಿ ಸಣ್ಣವು ಸೇರಿ ಬಲವಾದದ್ದನ್ನು ಓಡಿಸುತ್ತವೆ. ಶಾಲೆಯಲ್ಲಿ ಉಲ್ಟಾ. ಅದೂ ಅಲ್ಲದೆ ಎಲ್ಲರೂ ಮುತ್ತುವುದಿಲ್ಲ. ಒಬ್ಬಿಬ್ಬರು ಶುರು ಮಾಡುತ್ತಾರೆ, ಉಳಿದವರು ನಿಂತು ನೋಡುತ್ತಾರೆ. ಶಾಲೆಯಲ್ಲಿ ಕಾಟ ತಡೆಯಲು ಫಿನ್ಲೆಂಡಿನ ಸಂಶೋಧಕಿ ಕ್ರಿಸ್ಟಿನಾ ಸಾಲ್ಮಿವಾಲಿ ಕಟ್ಟಿದ 'ಕಿವಾ' ಕಾರ್ಯಕ್ರಮ ಪಾಠ ಹೇಳುವುದು ಮುಖ್ಯವಾಗಿ ಈ ನಿಂತವರಿಗೇ.

ನಮ್ಮಲ್ಲಿ 'ಧೈರ್ಯವಾಗಿರಿ' ಅಂತ ಭಾಷಣ ಆಗುತ್ತದೆ. ಅದರಿಂದ ಏಳು ವರ್ಷದ ಮಗುವಿಗೆ ಏನೂ ಸಿಗುವುದಿಲ್ಲ. ಈಜಿನಂತೆ ಇದಕ್ಕೂ ಅಭ್ಯಾಸ ಬೇಕು. ನಗದೆ ಇರುವುದು, ಪಕ್ಕ ಹೋಗಿ ನಿಲ್ಲುವುದು, ಟೀಚರ್‌ಗೆ ಹೇಳುವುದು ಚಾಡಿಯಲ್ಲ ಅಂತ ತಿಳಿಯುವುದು. ಇವನ್ನು ಕ್ಲಾಸಿನಲ್ಲಿ ಆಡಿಸಿ ಆಡಿಸಿ ಬಾಯಿಗೆ, ಕಾಲಿಗೆ ರೂಢಿ ಮಾಡಿಸಬೇಕು.

ಆ ದಿನ ಜಗಲಿಯಲ್ಲಿ ಒಬ್ಬಳು ಹುಡುಗಿ ತೊದಲುವವನ ತೋಳು ಹಿಡಿದು, "ಬಾ ಮಾರಾಯ, ಊಟದ ಸಾಲು ಉದ್ದ ಆಗ್ತಾ ಇದೆ" ಅಂತ ಎಳೆದುಕೊಂಡು ಹೋದಳು. ಅವರ ಹಿಂದೆ ಇನ್ನಿಬ್ಬರು ಹೋದರು. ಅಣಕಿಸುತ್ತಿದ್ದವನು ಆಚೀಚೆ ನೋಡಿದ. ಆಮೇಲೆ ಅವನೂ ತಟ್ಟೆ ತರಲು ಓಡಿದ.