ಜೋರಿಂಗ್: ಇದರಲ್ಲಿ ‘ಜೋರು’ ಇಲ್ಲ

ಸೈಕಲ್ಲಿನ ಹ್ಯಾಂಡಲ್‌ಗೆ ಕಟ್ಟಿದ ನಾಯಿ ಪಕ್ಕದಲ್ಲಿ ನಾಲಿಗೆ ಚಾಚಿ ಓಡುತ್ತಿದೆ. ವಿಡಿಯೊದ ಕೆಳಗಿನ ಒಕ್ಕಣೆ: ‘ನಮ್ಮ ಶೆಫರ್ಡ್ ಜೊತೆ ಬೈಕ್‌ಜೋರಿಂಗ್’. ಈ ವಾರ ನನ್ನ ಕಣ್ಣಿಗೆ ಬಿದ್ದದ್ದರಲ್ಲಿ ಇದು ಮೂರನೆಯದು. ಅದು ಬೈಕ್‌ಜೋರಿಂಗ್ ಅಲ್ಲ. ನಾಯಿ ಎಷ್ಟೇ ಜೋರಾಗಿ ಓಡಲಿ, ಅಲ್ಲ. ಆ ಹೆಸರು ಸಲ್ಲುವುದು ನಾಯಿ ಮುಂದೆ ಓಡುತ್ತಾ ಸೈಕಲ್ಲನ್ನು ಎಳೆಯುವ ಆಟಕ್ಕೆ.

ಕನ್ನಡದ ಕಿವಿಗೆ ಈ ಪದದಲ್ಲಿ ‘ಜೋರು’ ಕೇಳಿಸುವುದು ಸಹಜ. ಆದರೆ ಮೂಲ ನಾರ್ವೆಯದು. ಅಲ್ಲಿನ ಭಾಷೆಯಲ್ಲಿ ಸ್ಕೀ (ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಪಟ್ಟಿ) ಮತ್ತು ‘ನಡೆಸುವುದು’ ಎಂಬರ್ಥದ ಇನ್ನೊಂದು ಪದ ಕೂಡಿ ಆದ ಸಮಾಸವಿದು. ಅವರ ಉಚ್ಚಾರಣೆ ಹೆಚ್ಚುಕಡಿಮೆ ‘ಶಿಶೋರಿಂಗ್’. ಎರಡನೆಯ ಪದ ಬರಹದಲ್ಲಿ ‘ಕೆ’, ‘ಜೆ’ ಅಕ್ಷರಗಳಿಂದ ಶುರುವಾಗುತ್ತದೆ. ಇಂಗ್ಲಿಷಿಗೆ ಬರುವಾಗ ಕೆ ಬಿದ್ದುಹೋಯಿತು, ಜೆ ಜಕಾರವಾಗಿ ನಿಂತಿತು, ಸ್ಕೀಜೋರಿಂಗ್ ಹುಟ್ಟಿತು. ಸ್ಕೀ ತೊಟ್ಟವರನ್ನು ಪ್ರಾಣಿ ಎಳೆಯುವ ಆಟವದು. ಆಮೇಲೆ ಅದರ ಬಾಲ ಕತ್ತರಿಸಿ ಬೈಕಿಗೆ, ಅಂದರೆ ಸೈಕಲ್ಲಿಗೆ, ಅಂಟಿಸಿದರು.

ಆ ‘ನಡೆಸುವುದು’ ಎಂಬುದಕ್ಕೆ ಕನ್ನಡದಲ್ಲಿ ಸೊಗಸಾದ ಸಾಟಿ ಇದೆ: ಗಾಡಿ ಹೊಡೆಯುವುದು. ಇಲ್ಲಿ ‘ಹೊಡೆ’ ಎಂದರೆ ಏಟು ಕೊಡುವುದಲ್ಲ. ಮುಂದೆ ಎಳೆಯುತ್ತಿರುವ ಪ್ರಾಣಿಯನ್ನು ಹಿಂದೆ ಕೂತು ನಡೆಸುವುದು. 1928ರ ಸೇಂಟ್ ಮೊರಿಟ್ಜ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಕೀಜೋರಿಂಗ್ ಪ್ರದರ್ಶನ ಕ್ರೀಡೆಯಾಗಿತ್ತು. ಎಳೆದದ್ದು ಕುದುರೆಗಳು. ಅವುಗಳ ಬೆನ್ನ ಮೇಲೆ ಸವಾರನಿರಲಿಲ್ಲ, ಹಿಂದೆ ಸ್ಕೀ ಮೇಲೆ ನಿಂತವನ ಕೈಯಲ್ಲೇ ಲಗಾಮು. ಪದದ ಅರ್ಥ ಇದಕ್ಕಿಂತ ಸ್ಪಷ್ಟವಾಗಿ ಕಾಣುವುದು ಕಷ್ಟ.

ಹಾಗಾಗಿ ಜೋರಿಂಗ್ ಎನ್ನಬೇಕಾದರೆ ನಾಯಿ ಮುಂದಿರಬೇಕು, ಎಳೆಯಬೇಕು, ಹಿಂದಿನಿಂದ ಬರುವ ಮಾತಿಗೆ ತಿರುಗಬೇಕು. ಮೈಗೆ ಎಳೆಯಲೆಂದೇ ಹೊಲಿದ ಹಾರ್ನೆಸ್, ಜಗ್ಗಾಟ ಹೀರಿಕೊಳ್ಳುವ ಎಲಾಸ್ಟಿಕ್ ಇರುವ ಹಗ್ಗ, ಆ ಹಗ್ಗ ಚಕ್ರಕ್ಕೆ ಸಿಕ್ಕದಂತೆ ಸೈಕಲ್ಲಿನ ಮುಂದೆ ಚಾಚಿದ ಕೋಲು. ಕೊರಳಪಟ್ಟಿಗೆ ಹಗ್ಗ ಕಟ್ಟಿ ಎಳೆಸುವುದನ್ನು ಯಾವ ಹೆಸರಿನಿಂದ ಕರೆದರೂ ತಪ್ಪೇ. ಭಾರವೆಲ್ಲ ಶ್ವಾಸನಾಳದ ಮೇಲೆ ಬೀಳುತ್ತದೆ.

ಪಕ್ಕದಲ್ಲಿ ಓಡಿಸುವುದು ಕೀಳು ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಅದರದೇ ಗೌರವದ ಪರಂಪರೆಯಿದೆ. ಜರ್ಮನ್ ಶೆಫರ್ಡ್‌ಗಳಿಗೆ ನಡೆಸುವ ಎ.ಡಿ. ಎಂಬ ತಾಳಿಕೆಯ ಪರೀಕ್ಷೆಯಲ್ಲಿ ನಾಯಿ ಸೈಕಲ್ಲಿನ ಬಲಪಕ್ಕದಲ್ಲಿ, ಗಂಟೆಗೆ 12ರಿಂದ 15 ಕಿ.ಮೀ. ವೇಗದಲ್ಲಿ, ನಡುನಡುವೆ ವಿಶ್ರಾಂತಿ ಪಡೆದು 20 ಕಿ.ಮೀ. ಕುಕ್ಕುಲೋಟದಲ್ಲಿ (ಟ್ರಾಟ್) ಸಾಗಬೇಕು. ಎಳೆಯುವಂತಿಲ್ಲ, ಹಿಂದೆ ಬೀಳುವಂತಿಲ್ಲ. ಜೋರಿಂಗ್‌ಗೆ ಬೇಕಾದದ್ದು ಇದರ ತದ್ವಿರುದ್ಧ. ಒಂದೇ ನಾಯಿಗೆ ಎರಡನ್ನೂ ಕಲಿಸಬಹುದು, ಆದರೆ ಬೇರೆ ಬೇರೆ ಪಟ್ಟಿ, ಬೇರೆ ಬೇರೆ ಮಾತು ಬಳಸಿ. ಎರಡಕ್ಕೂ ಒಂದೇ ಹೆಸರಿಟ್ಟರೆ ಹೊಸಬರು ಪಕ್ಕದ ಓಟಕ್ಕೆ ಎಳೆಯುವ ಹಾರ್ನೆಸ್ ತೊಡಿಸುತ್ತಾರೆ. ಎಳೆಯಲು ಕಲಿತ ನಾಯಿ ಸೈಕಲ್ಲನ್ನು ಅಡ್ಡಕ್ಕೆ ಜಗ್ಗಿ ಕೆಡವುತ್ತದೆ. ಪದದ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದು ಅದಕ್ಕೇ.

‘ವರ್ಕಿಂಗ್ ಬ್ರೀಡ್ ಅಲ್ಲವೇ, ಎಳೆಯುತ್ತದೆ ಬಿಡಿ’ ಎನ್ನುವವರಿಗೂ ಒಂದು ಮಾತು. ಕೆಲಸಕ್ಕೆಂದೇ ಬೆಳೆಸಿದ ತಳಿಗಳಲ್ಲೂ ಕೆಲಸ ಬೇರೆ ಬೇರೆ. ಹಸ್ಕಿ, ಮಲಮ್ಯೂಟ್‌ಗಳ ಕಸುಬು ಎಳೆತ. ಬಾರ್ಡರ್ ಕೋಲಿಯ ಕಸುಬು ಕುರಿ ಕಾಯುವುದು. ಮುಂದೆ ಬಿಟ್ಟರೆ ಎಷ್ಟೋ ಕೋಲಿಗಳು ತಿರುಗಿ ತಿರುಗಿ ನಿಮ್ಮ ಮುಖವನ್ನೇ ನೋಡುತ್ತವೆ. ಅವಕ್ಕೂ ಕಲಿಸಬಹುದು, ತಾಳ್ಮೆ ಬೇಕು ಅಷ್ಟೆ. ಓಡುವವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಾಯಿಯನ್ನು ಮುಂದೆ ಬಿಟ್ಟರೆ ಅದು ಕ್ಯಾನಿಕ್ರಾಸ್. ಇಂಥ ನಾಯಿಗೆ ಶುರುಮಾಡಲು ಸೈಕಲ್ಲಿಗಿಂತ ಅದೇ ವಾಸಿ.

ಕಲಿಸುವಾಗ ಬಲಕ್ಕೆ ‘ಗೀ’, ಎಡಕ್ಕೆ ‘ಹಾ’ ಎಂಬ ಹಳೆಯ ಮಾತುಗಳೇ ಬೇಕೆಂದಿಲ್ಲ, ಕನ್ನಡದಲ್ಲೇ ಹೇಳಿ. ಆದರೆ ‘ಲೈನ್ ಔಟ್’ ಅಭ್ಯಾಸವನ್ನು ಮಾತ್ರ ಬಿಡಬೇಡಿ: ನೀವು ಸೈಕಲ್ ಏರುವ ತನಕ ನಾಯಿ ಮುಂದಕ್ಕೆ ಹೋಗಿ, ಹಗ್ಗ ಬಿಗಿಯಾಗಿಟ್ಟುಕೊಂಡು, ಅಲುಗದೆ ನಿಲ್ಲುವುದು.