ಕಿವಿ ಚೆನ್ನಾಗಿ ಕೇಳುತ್ತದೆ, ಮಾತು ಮಾತ್ರ ಹಿಡಿಯುತ್ತಿಲ್ಲ

ಪ್ರಶ್ನೆ: ಮಗನಿಗೆ ಐದೂವರೆ ವರ್ಷ. ಕಿವಿ ಪರೀಕ್ಷೆ ಮಾಡಿಸಿದ್ದೇವೆ, ಏನೂ ತೊಂದರೆ ಇಲ್ಲ. ಆಟದಲ್ಲಿ ಚುರುಕು, ಎಲ್ಲರ ಜೊತೆ ಬೆರೆಯುತ್ತಾನೆ. ಆದರೆ ಹೇಳಿದ ಕೆಲಸವನ್ನು ಅರ್ಧಂಬರ್ಧ ಮಾಡುತ್ತಾನೆ, ಎಷ್ಟೋ ಸಲ ಉಲ್ಟಾ ಮಾಡುತ್ತಾನೆ. ಬೈದರೆ ಅಳುತ್ತಾನೆ. ಮನೆಯಲ್ಲಿ ಎರಡು ಭಾಷೆ ಆಡುತ್ತೇವೆ. ಅದರಿಂದಲೇ ಹೀಗಾಯಿತೇ?

ಉತ್ತರ: ನಿಮ್ಮನ್ನು ಕೊರೆಯುತ್ತಿರುವ ಕೊನೆಯ ಸಾಲಿಗೆ ಮೊದಲು ಉತ್ತರಿಸುತ್ತೇನೆ. ಇಲ್ಲ, ಎರಡು ಭಾಷೆಯಿಂದ ಹೀಗಾಗುವುದಿಲ್ಲ. ಭಾಷೆ ಕಲಿಯುವುದೇ ಕಷ್ಟವಾಗಿರುವ ಮಗುವಿಗೆ ಆ ಕಷ್ಟ ಎರಡೂ ಭಾಷೆಯಲ್ಲಿ ಕಾಣುತ್ತದೆ. ಒಂದನ್ನು ಕಿತ್ತುಹಾಕಿದರೆ ಇನ್ನೊಂದು ಚಿಗುರುವುದಿಲ್ಲ. ಅಜ್ಜಿಯ ಜೊತೆ ಮಾತಾಡುವ ಭಾಷೆಯನ್ನು ದಯವಿಟ್ಟು ನಿಲ್ಲಿಸಬೇಡಿ.

ಈಗ ಆ ಉಲ್ಟಾ ಕೆಲಸಕ್ಕೆ ಬರೋಣ. ನಾನು ಸ್ಪೀಚ್ ಥೆರಪಿಸ್ಟ್. ಇಂಥ ಮಕ್ಕಳ ಮುಂದೆ ಒಂದು ಆಟಿಕೆ ನಾಯಿ, ಒಂದು ಆಟಿಕೆ ಬೆಕ್ಕು ಇಟ್ಟು, ‘ನಾಯೀನ ಬೆಕ್ಕು ಅಟ್ಟಿಸ್ಕೊಂಡು ಹೋಯ್ತು, ಮಾಡಿ ತೋರಿಸು’ ಎನ್ನುತ್ತೇನೆ. ಮಗು ಖುಷಿಯಿಂದ ನಾಯಿಯನ್ನು ಎತ್ತಿಕೊಂಡು ಬೆಕ್ಕಿನ ಹಿಂದೆ ಓಡಿಸುತ್ತದೆ. ನಾಯಿ, ಬೆಕ್ಕು, ಅಟ್ಟಿಸು ಮೂರೂ ಗೊತ್ತು. ತಪ್ಪಿದ್ದು ‘ನಾಯೀನ’ ಎಂಬಲ್ಲಿನ ಕೊನೆಯ ‘ನ’. ಯಾರು ಯಾರನ್ನು ಓಡಿಸಿದರು ಎನ್ನುವುದೆಲ್ಲ ಆ ಒಂದು ಅಕ್ಷರದಲ್ಲಿದೆ. ಮಾತಾಡುವಾಗ ಅದನ್ನು ಒತ್ತಿ ಹೇಳುವುದಿಲ್ಲ, ಕಿವಿಗೆ ಬಿದ್ದ ಕ್ಷಣದಲ್ಲೇ ಮುಂದಿನ ಪದ ಬಂದುಬಿಡುತ್ತದೆ. ಆಗ ಮಗು ತನಗೆ ಸಿಕ್ಕಿದ ಮೂರು ಪದಗಳನ್ನು ಜೋಡಿಸಿ, ಲೋಕದಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ಊಹಿಸುತ್ತದೆ. ಮೂರು ವರ್ಷದ ಎಷ್ಟೋ ಮಕ್ಕಳು ಹೀಗೇ ಮಾಡುತ್ತಾರೆ, ಬೆಳೆದಂತೆ ಬಿಟ್ಟುಬಿಡುತ್ತಾರೆ. ಕೆಲವರಿಗೆ ಅದು ಬಿಡುವುದಿಲ್ಲ.

ಮನೆಯಲ್ಲೂ ಇದೇ ನಡೆಯುತ್ತದೆ. ‘ಚೀಲ ತರೋಕೆ ಮುಂಚೆ ಶೂ ಬಿಚ್ಚಿಡು’ ಎಂದರೆ ಮಗು ಮೊದಲು ಚೀಲ ತರುತ್ತದೆ. ಕಿವಿಗೆ ಮೊದಲು ಬಿದ್ದದ್ದು ಚೀಲ ತಾನೇ? ‘ಮುಂಚೆ’ ಎಂಬ ಪದ ಇಡೀ ಮಾತನ್ನು ತಿರುಗಿಸಿಬಿಡುತ್ತದೆ. ಅದನ್ನು ಹಿಡಿಯಬೇಕಾದರೆ ಹಿಂದಿನ ಪದಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದಿನವನ್ನು ಕೇಳಬೇಕು. ನಾವು ಮಾತಾಡುವಾಗ ಸೆಕೆಂಡಿಗೆ ನಾಲ್ಕೈದು ಅಕ್ಷರ ಸರಿದುಹೋಗುತ್ತವೆ. ಬರೆದದ್ದಾದರೆ ಹಿಂದಕ್ಕೆ ಹೋಗಿ ಓದಬಹುದು, ಮಾತು ಕಾಯುವುದಿಲ್ಲ.

ಆ ಇಟ್ಟುಕೊಳ್ಳುವ ಶಕ್ತಿಯನ್ನು ನೋಡಲು ಅರ್ಥವಿಲ್ಲದ ಪದಗಳನ್ನು ಹೇಳಿಸುತ್ತೇವೆ. ‘ಮಗಿಟು’ ಎಂದರೆ ಮಗು ‘ಮಗಿಟು’ ಎನ್ನುತ್ತದೆ. ‘ಬಡುಲಿಗೋಸಮೆ’ ಎಂದಾಗ ‘ಬಲಿಗೋಮೆ’ ಎಂದು ನಮ್ಮ ಮುಖ ನೋಡುತ್ತದೆ. 1990ರಲ್ಲಿ ಮನೋವಿಜ್ಞಾನಿಗಳಾದ ಸೂಸನ್ ಗ್ಯಾಥರ್‌ಕೋಲ್ ಮತ್ತು ಆಲನ್ ಬ್ಯಾಡ್ಲಿ, ಭಾಷೆಯ ತೊಂದರೆ ಇರುವ ಮಕ್ಕಳು ಇಂಥ ಉದ್ದದ ಪದಗಳಲ್ಲಿ ಎಡವುತ್ತಾರೆ ಎಂದು ತೋರಿಸಿದರು. ಆದರೆ ಎಲ್ಲ ಮಕ್ಕಳ ಕಷ್ಟವನ್ನೂ ನೆನಪಿನ ಮೇಲೆ ಹೊರಿಸಲಾಗದು. ವ್ಯಾಕರಣದ ಕ್ರಮವನ್ನು ತಾನಾಗಿಯೇ ಗ್ರಹಿಸುವುದು ಕೆಲವರಿಗೆ ಕಷ್ಟ, ಪದಗಳನ್ನು ಗುರುತಿಸುವುದೇ ಕೆಲವರಿಗೆ ನಿಧಾನ.

ಇದಕ್ಕೊಂದು ಹೆಸರಿದೆ: ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್, ಅಂದರೆ ಬೆಳೆಯುವ ವಯಸ್ಸಿನಲ್ಲೇ ಕಾಣುವ ಭಾಷೆಯ ತೊಂದರೆ, ಚಿಕ್ಕದಾಗಿ ಡಿಎಲ್‌ಡಿ. ಡೊರೊಥಿ ಬಿಷಪ್ ಮುಂತಾದ ತಜ್ಞರು ಚರ್ಚಿಸಿ ಈ ಹೆಸರಿಗೆ ಒಪ್ಪಿ ಪ್ರಕಟಿಸಿದ್ದು 2017ರಲ್ಲಿ. ಹೆಸರು ಹೊಸದು, ತೊಂದರೆ ಅಪರೂಪದ್ದಲ್ಲ. ಅಮೆರಿಕದಲ್ಲಿ ಐದು ವರ್ಷದ ಸಾವಿರಾರು ಮಕ್ಕಳನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 7ರಷ್ಟು ಮಕ್ಕಳಲ್ಲಿ ಇದು ಕಂಡಿತು. ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು. ನನಗೆ ಇಂದಿಗೂ ನೋವು ಕೊಡುವುದು ಅದೇ ಅಧ್ಯಯನದ ಇನ್ನೊಂದು ಅಂಕಿ: ಆ ಮಕ್ಕಳ ತಂದೆತಾಯಿಯರಲ್ಲಿ ಮಗುವಿಗೆ ಮಾತಿನ ಅಥವಾ ಭಾಷೆಯ ತೊಂದರೆ ಇದೆ ಎಂದು ಅದಕ್ಕೂ ಮೊದಲು ಯಾರಿಂದಲಾದರೂ ಕೇಳಿದ್ದವರು ಶೇಕಡಾ 29 ಮಾತ್ರ. ಉಳಿದ ಮಕ್ಕಳಿಗೆ ಎಷ್ಟು ಸಲ ‘ಗಮನ ಇಲ್ಲ, ಸೋಮಾರಿ, ಹಟಮಾರಿ’ ಎಂದು ಹೇಳಿರಬಹುದು!

ಆಟಿಸಂ, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಮಾತು ಗ್ರಹಿಸುವ ಕಷ್ಟ ಇರುತ್ತದೆ, ಆದರೆ ಅದರ ಬಗೆ ಬೇರೆ. ಡೌನ್ ಸಿಂಡ್ರೋಮ್‌ನಲ್ಲಿ ಸಾಮಾನ್ಯವಾಗಿ ಕೇಳಿದ್ದಕ್ಕಿಂತ ನೋಡಿದ್ದು ಚೆನ್ನಾಗಿ ನೆನಪಿರುತ್ತದೆ. ನಿಮ್ಮ ಮಗನಿಗೆ ಇರುವುದು ಯಾವುದು ಎಂದು ಪತ್ರ ನೋಡಿ ಹೇಳುವುದು ತಪ್ಪು. ಸ್ಪೀಚ್ ಥೆರಪಿಸ್ಟ್ ಅವನನ್ನು ಎದುರಿಗೆ ಕೂರಿಸಿಕೊಂಡು ನೋಡಲೇಬೇಕು. ಡಿಎಲ್‌ಡಿ ಇದ್ದರೆ ಮುಂದೆ ಓದುವಾಗಲೂ ಕಷ್ಟವಾಗುವ ಸಾಧ್ಯತೆ ಹೆಚ್ಚು. ಹಾಗಾಗಿ ‘ದೊಡ್ಡವನಾದರೆ ಸರಿಹೋಗುತ್ತಾನೆ’ ಎಂದು ಐದೂವರೆಯಲ್ಲಿ ಕಾಯುವುದು ಬೇಡ.

ಅಲ್ಲಿಯವರೆಗೆ ಮನೆಯಲ್ಲಿ ಬದಲಾಗಬೇಕಾದದ್ದು ನಿಮ್ಮ ಮಾತು. ಕೆಲಸ ನಡೆಯಬೇಕಾದ ಕ್ರಮದಲ್ಲೇ ಹೇಳಿ: ‘ಶೂ ಬಿಚ್ಚು.’ ಅವನು ಬಿಚ್ಚಲಿ. ‘ಈಗ ಚೀಲ ತಾ.’ ಅದನ್ನೇ ಜೋರಾಗಿ ಹೇಳಿ ಪ್ರಯೋಜನವಿಲ್ಲ, ಅವನಿಗೆ ದನಿ ಕೇಳಿಸಿದೆ. ‘ಅರ್ಥ ಆಯ್ತಾ?’ ಎಂದು ಕೇಳಬೇಡಿ. ಇಂಥ ಮಕ್ಕಳು ‘ಹೂಂ’ ಎನ್ನುವುದನ್ನು ಬಹಳ ಬೇಗ ಕಲಿತುಬಿಡುತ್ತಾರೆ. ‘ಮೊದಲು ಏನು ಮಾಡ್ತೀಯ, ತೋರಿಸು’ ಎನ್ನಿ. ಅವನು ‘ನಾಯಿ ಬೆಕ್ಕು ಓಡಿಸ್ತು’ ಎಂದರೆ ತಿದ್ದಿ ಮತ್ತೆ ಹೇಳಿಸಬೇಡಿ. ‘ಹೌದಾ, ನಾಯಿ ಬೆಕ್ಕನ್ನ ಓಡಿಸ್ತಾ?’ ಎಂದು ಆ ‘ನ್ನ’ ಸ್ವಲ್ಪ ಎದ್ದು ಕೇಳುವಂತೆ ಹೇಳಿ ಮಾತು ಮುಂದುವರಿಸಿ.

ಥೆರಪಿಸ್ಟ್ ಬಳಿ ಹೋಗುವ ಮುಂಚೆ ಒಂದು ವಾರ ಒಂದು ಪುಸ್ತಕ ಇಟ್ಟುಕೊಳ್ಳಿ. ಉಲ್ಟಾ ಆದಾಗಲೆಲ್ಲ ನೀವು ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆಯಿರಿ, ಅವನು ಮಾಡಿದ್ದನ್ನು ಅದರ ಪಕ್ಕದಲ್ಲಿ. ಎರಡೂ ಭಾಷೆಯದ್ದೂ ಇರಲಿ. ಅವನ ಮೊದಲ ಭೇಟಿಯಲ್ಲಿ ಆ ಪುಟಗಳಷ್ಟು ಉಪಯೋಗಕ್ಕೆ ಬರುವುದು ಬೇರೊಂದಿಲ್ಲ.